‘ಅಲ್ಲಿ ಏನ್ ಕೊಡ್ತಾರ್ರೀ?’ – ಸಂಘದ ಉಡುಗೊರೆಗಳ ಬಗ್ಗೆ ಒಂದಿಷ್ಟು ಲೆಕ್ಕಾಚಾರ

ಹೊರನಾಡಿನ ಕನ್ನಡ ಸಂಘಗಳಿಗೆ ಅಕ್ಟೋಬರ್ ತಿಂಗಳು ಬಂತೆಂದರೆ ಬಿಡುವಿಲ್ಲದ ಕಾಲ. ರಾಜ್ಯೋತ್ಸವಕ್ಕೆ ಸಭಾಗೃಹ ಗೊತ್ತು ಮಾಡಬೇಕು, ಅತಿಥಿಗಳನ್ನು ಕರೆಯಬೇಕು, ಮಕ್ಕಳ ನೃತ್ಯದ ತಾಲೀಮು ಆಗಬೇಕು, ದಾನಿಗಳನ್ನು ಕಾಣಬೇಕು. ಇವೆಲ್ಲದರ ನಡುವೆ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ತಪ್ಪದೆ ಬರುವ ಒಂದು ವಿಷಯವಿದೆ. ‘ಈ ವರ್ಷ ಸದಸ್ಯರಿಗೆ ಏನು ಕೊಡೋಣ?’ ಒಬ್ಬರು ಸ್ಟೀಲಿನ ನೀರಿನ ಬಾಟಲಿ ಎನ್ನುತ್ತಾರೆ, ಇನ್ನೊಬ್ಬರು ಗೋಡೆ ಗಡಿಯಾರ ಎನ್ನುತ್ತಾರೆ, ಮಹಿಳಾ ವಿಭಾಗದವರು ಬಟ್ಟೆ ಚೀಲವೇ ಒಳ್ಳೆಯದು ಎನ್ನುತ್ತಾರೆ. ಅರ್ಧ ಗಂಟೆ ಚರ್ಚೆಯಾಗಿ ಕೊನೆಗೆ ಯಾವ ದಾನಿ ಎಷ್ಟು ಕೊಡುತ್ತಾರೋ ಅದರ ಮೇಲೆ ತೀರ್ಮಾನವಾಗುತ್ತದೆ.

ಕಳೆದ ವರ್ಷ ಇಂಥದ್ದೇ ಸಭೆ ಮುಗಿದ ಎರಡು ದಿನಕ್ಕೆ ಬ್ಯಾಂಕಿನ ಕೌಂಟರಿನಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಸೆಂಟ್ರಿಂಗ್ ಕೆಲಸ ಮಾಡುವ ಒಬ್ಬಾತ ಹಣ ಕಟ್ಟುವ ಚೀಟಿ ಹಿಡಿದುಕೊಂಡು ಅರೆಬರೆ ಹಿಂದಿಯಲ್ಲಿ ತಡವರಿಸುತ್ತಿದ್ದ. ಹೆಸರು ನೋಡಿದೆ, ಮಾತಿನ ಧಾಟಿ ಕೇಳಿದೆ, ಕನ್ನಡದಲ್ಲೇ ಊರು ಯಾವುದೆಂದು ವಿಚಾರಿಸಿದೆ. ಆತನ ಮುಖ ಅರಳಿತು.

‘ಸಾಹೇಬ್ರ, ನೀವು ನಮ್ಮ ಕಡೆಯವ್ರೇನ್ರೀ? ನಮ್ದು ಯಾದಗಿರಿ ಜಿಲ್ಲಾ, ಸುರಪುರ ತಾಲೂಕರೀ.’

‘ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?’

‘ಹನ್ನೆರಡು ವರ್ಷ ಆತ್ರಿ.’

‘ಇಲ್ಲಿ ಕನ್ನಡ ಸಂಘ ಇದೆ, ಗೊತ್ತೇನ್ರಿ?’

‘ಇಲ್ರೀ ಸಾಹೇಬ್ರ. ಅಲ್ಲಿ ಏನ್ ಕೊಡ್ತಾರ್ರೀ?’

ಆತ ಆಸೆಬುರುಕತನದಿಂದ ಕೇಳಿದ್ದಲ್ಲ. ದಿನಗೂಲಿಯ ಮನುಷ್ಯ ಒಂದು ಕಡೆ ಹೋಗಬೇಕಾದರೆ ಏತಕ್ಕೆ ಹೋಗಬೇಕೆಂದು ಕೇಳಲೇಬೇಕು. ಉತ್ತರ ಹೇಳಬೇಕಾದವನು ನಾನು. ಸಂಘದ ಕಪಾಟಿನಲ್ಲಿ ಹಿಂದಿನ ವರ್ಷ ಹಂಚಿ ಉಳಿದ 140 ಚೀಲಗಳು ಬಿದ್ದಿದ್ದವು. ಅವುಗಳ ಮೇಲೆ ‘ಕನ್ನಡ ಉಳಿಸಿ, ಬೆಳೆಸಿ’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಹನ್ನೆರಡು ವರ್ಷಗಳಿಂದ ಇದೇ ಊರಿನಲ್ಲಿರುವ ಒಬ್ಬ ಕನ್ನಡಿಗನಿಗೆ ಆ ಚೀಲವೂ ತಲುಪಿರಲಿಲ್ಲ, ಸಂಘದ ಹೆಸರೂ ತಲುಪಿರಲಿಲ್ಲ. ಸರತಿ ಸಾಲು ಉದ್ದವಿತ್ತು. ‘ಬರ್ರಿ, ಹೇಳ್ತೀನಿ’ ಎಂದಷ್ಟೇ ಹೇಳಿ ಕಳುಹಿಸಿದೆ. ಆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅದೇ ಈ ಲೇಖನಕ್ಕೆ ಕಾರಣ.

ಕೊಟ್ಟದ್ದು ಯಾರಿಗೆ?

ಪಿಂಪ್ರಿ-ಚಿಂಚವಾಡ ಹೊರಗಿನಿಂದ ಬಂದವರು ಬೆಳೆಸಿದ ಊರು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಬಂತು. ಮುಂದೆ ಎಂ.ಐ.ಡಿ.ಸಿ., ಟೆಲ್ಕೋ, ಆಕುರ್ಡಿಯ ಬಜಾಜ್ ಬಂದವು. 1970ರಲ್ಲಿ ನಗರಪಾಲಿಕೆಯಾಗಿದ್ದ ಊರು 1982ರಲ್ಲಿ ಮಹಾನಗರಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಜನಸಂಖ್ಯೆ 17 ಲಕ್ಷ ದಾಟಿತ್ತು. ಕಾರ್ಖಾನೆಯ ಕಾಲದಲ್ಲಿ ಬಂದ ಕನ್ನಡಿಗರು ಇಂದು ನಿವೃತ್ತರು. ಹೋಟೆಲು ನಡೆಸುವ ಕರಾವಳಿಯವರು, ಹಿಂಜವಡಿಯ ಐ.ಟಿ. ಕಂಪನಿಗಳ ಯುವಕರು, ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕುಟುಂಬಗಳು, ಹೀಗೆ ಇಲ್ಲಿ ಕನ್ನಡಿಗರಲ್ಲೇ ನಾಲ್ಕೈದು ಬಗೆ. ಸಂಘದ ಸದಸ್ಯರ ಪಟ್ಟಿ ತೆಗೆದು ನೋಡಿದರೆ ಮೊದಲ ಎರಡು ಬಗೆಯವರೇ ಹೆಚ್ಚು. ಉಡುಗೊರೆ ಹೋಗುವುದೂ ಅವರ ಮನೆಗೇ.

ಒಂದು ಲೆಕ್ಕ ಹಾಕೋಣ. ಒಂದು ಸಂಘ 80 ರೂಪಾಯಿಯ 500 ಚೀಲ ಮಾಡಿಸಿತು ಎಂದುಕೊಳ್ಳಿ. ಖರ್ಚು 40,000 ರೂಪಾಯಿ. ಕಾರ್ಯಕ್ರಮಕ್ಕೆ ಬಂದವರಲ್ಲಿ 360 ಮಂದಿಗೆ ಕೊಟ್ಟರು, 140 ಉಳಿಯಿತು. 360ರಲ್ಲಿ ಹೆಚ್ಚಿನವರು ಹಳೆಯ ಸದಸ್ಯರು. ಒಂದೇ ಮನೆಗೆ ಮೂರು ಚೀಲ ಹೋದದ್ದೂ ಉಂಟು. ಇದರಿಂದ ಹೊಸದಾಗಿ ಸಂಘಕ್ಕೆ ಬಂದವರೆಷ್ಟು? ವಾರ್ಷಿಕ ಮಹಾಸಭೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆಯವ್ಯಯ ಪತ್ರದಲ್ಲಿ ‘ಸ್ಮರಣಿಕೆ ಖರ್ಚು’ ಎಂದು ಒಂದು ಸಾಲು, ಎಲ್ಲರೂ ಕೈಯೆತ್ತಿದರೆ ಮುಗಿಯಿತು. ನಾನೂ ಎಷ್ಟೋ ಸಲ ಕೈಯೆತ್ತಿದವನೇ.

ಸದಸ್ಯರಿಗೆ ಕೊಡಬಾರದೆಂದು ನಾನು ಹೇಳುತ್ತಿಲ್ಲ. ವರ್ಷವಿಡೀ ವಂತಿಗೆ ಕೊಟ್ಟು, ಕುರ್ಚಿ ಹೊತ್ತು, ಊಟ ಬಡಿಸಿದವರಿಗೆ ಒಂದು ನೆನಪಿನ ಕಾಣಿಕೆ ಸಲ್ಲಬೇಕು. ಆದರೆ ಅದು ಕೃತಜ್ಞತೆ. ಸಂಘದ ಪ್ರಚಾರ ಬೇರೆ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ, ‘ಪ್ರಚಾರವಾಯಿತು’ ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು ಲೆಕ್ಕ.

ಹಿರಿಯರು ತೋರಿದ ದಾರಿ

ಜನರನ್ನು ತಲುಪುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬ್ಯಾಂಕಿನವನಾದ್ದರಿಂದ ಮೊದಲು ಬ್ಯಾಂಕಿನ ಉದಾಹರಣೆಯನ್ನೇ ಕೊಡುತ್ತೇನೆ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಕೇವಲ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಬಾಗಿಲಿಗೆ, ಅಂಗಡಿಗೆ ಬಂದು ಪಡೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಬಳಿಗೆ ಬ್ಯಾಂಕೇ ನಡೆದು ಹೋಯಿತು. ಗ್ರಾಹಕನಿಗೆ ಸಿಕ್ಕಿದ ದೊಡ್ಡ ಉಡುಗೊರೆ ದಿನವೂ ತಪ್ಪದೆ ಬರುವ ಆ ಮನುಷ್ಯನೇ.

ಹಿಂದೆ ಕೆಲವು ಬ್ಯಾಂಕುಗಳು ಮಕ್ಕಳಿಗೆ, ಗೃಹಿಣಿಯರಿಗೆ ಉಳಿತಾಯದ ಡಬ್ಬಿ ಕೊಡುತ್ತಿದ್ದವು. ಕಾಸು ಹಾಕುವುದು ಮನೆಯಲ್ಲಿ, ಡಬ್ಬಿಯ ಕೀಲಿಕೈ ಮಾತ್ರ ಬ್ಯಾಂಕಿನಲ್ಲಿ. ತುಂಬಿದ ಡಬ್ಬಿ ತೆರೆಯಲು ಬ್ಯಾಂಕಿಗೆ ಬರಲೇಬೇಕು. ಉಡುಗೊರೆ ಎಂದರೆ ಹೀಗಿರಬೇಕು. ಪಡೆದವರು ಮತ್ತೊಮ್ಮೆ ನಮ್ಮ ಕಡೆ ಬರುವಂತಾಗಬೇಕು.

ಇನ್ನು ಮೈಸೂರು ಸ್ಯಾಂಡಲ್ ಸಾಬೂನು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾದ ಮೇಲೆ, ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದ ಸೋಸಲೆ ಗರಳಪುರಿ ಶಾಸ್ತ್ರಿಗಳ ಕಾಲದಲ್ಲಿ ಅದರ ಚಿತ್ರ ಟ್ರಾಮ್ ಟಿಕೆಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಬಂತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೂ ಮಾಡಿದರು. ಒಂಟೆ ಒಂದು ದಿನದ ಸಡಗರ. ಬೆಂಕಿಪೊಟ್ಟಣವಾದರೋ ಕಡ್ಡಿ ಮುಗಿಯುವವರೆಗೂ ದಿನಕ್ಕೆ ಹತ್ತು ಸಲ ಕೈಗೆ ಬರುವ ವಸ್ತು. ನಮ್ಮ ಸಂಘಗಳು ಮೆರವಣಿಗೆಗೆ ಕೊಡುವ ಗಮನವನ್ನು ಬೆಂಕಿಪೊಟ್ಟಣಕ್ಕೂ ಕೊಡಬೇಕು.

ಪುಣೆಯ ನಂಟಿರುವ ಇನ್ನೊಂದು ಉದಾಹರಣೆ ಗಳಗನಾಥರದು. ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಓದುಗರನ್ನು ಹುಟ್ಟಿಸಿದವರು ಅವರು. ಪುಸ್ತಕ ಬರೆದು ಸುಮ್ಮನೆ ಕೂರಲಿಲ್ಲ. ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಆ ಕಾಲದಲ್ಲಿ ಆ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಅಲ್ಲಿ ಮರಾಠಿಯದೇ ಪ್ರಾಬಲ್ಯ. ಕನ್ನಡಿಗರಿಗೇ ಕನ್ನಡ ಓದಿಸುವುದು ಕಷ್ಟದ ಕೆಲಸವಾಗಿತ್ತು. ನಮ್ಮ ಇಂದಿನ ಸ್ಥಿತಿಯೂ ಅದಕ್ಕಿಂತ ಬಹಳ ದೂರವಿಲ್ಲ.

ಅಕ್ಕಪಕ್ಕದ ಮನೆಯಿಂದ ಕಲಿಯುವುದು

ಇಲ್ಲಿನ ಮರಾಠಿ ಸಮಾಜದಿಂದಲೂ ನಾವು ಕಲಿಯುವುದಿದೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಹಳದಿ-ಕುಂಕುಮದ ಸಂಭ್ರಮ. ಬಂದ ಮುತ್ತೈದೆಯರಿಗೆ ‘ವಾಣ’ ಕೊಡುತ್ತಾರೆ. ಒಂದು ಸ್ಟೀಲ್ ಬಟ್ಟಲು, ಒಂದು ಜರಡಿ, ಒಂದು ಬಾಚಣಿಗೆ. ಬೆಲೆ ಹೆಚ್ಚಿಲ್ಲ, ಆದರೆ ಎಲ್ಲವೂ ಮನೆಯಲ್ಲಿ ಬಳಕೆಯಾಗುವಂಥವು. ಮುಖ್ಯ ವಿಷಯವೆಂದರೆ ಅಲ್ಲಿ ಕರೆಯುವ ರೀತಿ. ಮನೆಗೆ ಬಂದು ಕರೆಯುತ್ತಾರೆ. ನಮ್ಮಲ್ಲೂ ಅಕ್ಷತೆ ಕೊಟ್ಟು ಕರೆಯುವ, ಎಳ್ಳು-ಬೆಲ್ಲ ಹಂಚುವ, ಬಾಗಿನ ಕೊಡುವ ಪದ್ಧತಿ ಇದೆಯಲ್ಲ! ಬಾಗಿನದ ಮೊರದಲ್ಲಿರುವ ಸಾಮಾನಿಗಿಂತ ಅದನ್ನು ಹಿಡಿದುಕೊಂಡು ಮನೆಗೆ ಬಂದವರೇ ನೆನಪಿನಲ್ಲಿ ಉಳಿಯುತ್ತಾರೆ. ಸಂಘದ ಆಮಂತ್ರಣ ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಬಾರಿಗೆ ಹೋಗುವಂತಾದ ಮೇಲೆ ಈ ಭಾಗ ಕಳೆದುಹೋಗಿದೆ.

ಎರಡನೆಯದು ವಾರಿ. ದೇಹುವಿನಿಂದ ಹೊರಟ ಸಂತ ತುಕಾರಾಮರ ಪಾಲ್ಖಿ ಆಕುರ್ಡಿಯ ವಿಠ್ಠಲ ಮಂದಿರದಲ್ಲಿ ತಂಗಿ ಮರುದಿನ ಪುಣೆಯತ್ತ ಸಾಗುತ್ತದೆ. ಆ ದಿನ ರಸ್ತೆಯ ಎರಡೂ ಬದಿ ನಿಂತು ನೋಡಬೇಕು. ಒಂದು ಮಂಡಳ ಬಾಳೆಹಣ್ಣು, ರಾಜಗಿರಿ ಲಾಡು ಹಂಚುತ್ತದೆ. ಇನ್ನೊಂದು ಮಳೆಯ ಹೊದಿಕೆ ಕೊಡುತ್ತದೆ. ಮತ್ತೊಂದು ಕಡೆ ಕಿತ್ತುಹೋದ ಚಪ್ಪಲಿ ಹೊಲಿದುಕೊಡುತ್ತಾರೆ, ಕಾಲು ತಿಕ್ಕುತ್ತಾರೆ. ನಡೆಯುವವನಿಗೆ ಆ ಹೊತ್ತಿನಲ್ಲಿ ಏನು ಬೇಕೋ ಅದು ಸಿಗುತ್ತದೆ. ಜೋರು ಮಳೆಯಲ್ಲಿ ಸಿಕ್ಕ ಹೊದಿಕೆಯನ್ನು ಯಾರೂ ಮರೆಯುವುದಿಲ್ಲ. ಬೇಸಿಗೆಯಲ್ಲಿ ಕೊಟ್ಟರೆ ಅದೇ ಹೊದಿಕೆ ಅಟ್ಟದ ಮೇಲೆ ಹೋಗುತ್ತದೆ.

ಯಾರಿಗೆ ಏನು ಕೊಡಬಹುದು?

ಇಷ್ಟು ಹೇಳಿದ ಮೇಲೆ ಕೆಲವು ಸಲಹೆಗಳನ್ನೂ ಕೊಡಬೇಕು. ದೊಡ್ಡ ಸಂಘ, ಸಣ್ಣ ಸಂಘ, ಜಾತಿಬಾಂಧವರ ಸಂಘ ಎಲ್ಲರಿಗೂ ಅನ್ವಯಿಸುವಂತೆ ಹೇಳುತ್ತಿದ್ದೇನೆ.

ಮನೆಗಳಿಗೆ ಕ್ಯಾಲೆಂಡರ್: ಕ್ಯಾಲೆಂಡರ್ 365 ದಿನ ಗೋಡೆಯ ಮೇಲಿರುತ್ತದೆ. 1973ರಲ್ಲಿ ಜಯಂತರಾವ್ ಸಾಳಗಾಂವಕರ್ ಆರಂಭಿಸಿದ ‘ಕಾಲನಿರ್ಣಯ’ ಮನೆಮನೆಗೂ ಹೋಗಲು ಕಾರಣ ತಿಥಿ ಮಾತ್ರ ಅಲ್ಲ, ಹಿಂಬದಿಯ ಅಡುಗೆ, ಆರೋಗ್ಯ, ಲೇಖನಗಳೂ ಹೌದು. ಅದರ ಕನ್ನಡ ಆವೃತ್ತಿಯೂ ಇದೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಮುಂದಿನ ವರ್ಷಕ್ಕೆ ಸರ್ಕಾರಿ ಇಲಾಖೆಗಳು, ಸರ್ಕಾರಿ ಬ್ಯಾಂಕುಗಳು ಕ್ಯಾಲೆಂಡರ್, ಡೈರಿ ಮುದ್ರಿಸಬಾರದು ಎಂದು ಸೂಚಿಸಿತು. ಆ ಡಿಸೆಂಬರಿನಲ್ಲಿ ಕೌಂಟರಿಗೆ ಬಂದವರೆಲ್ಲ ‘ಕ್ಯಾಲೆಂಡರ್ ಇಲ್ವಾ?’ ಎಂದು ಕೇಳಿದ್ದು ನನಗೆ ನೆನಪಿದೆ. ಜನಕ್ಕೆ ಅದು ಎಷ್ಟು ಬೇಕು ಎಂಬುದು ಆಗ ಗೊತ್ತಾಯಿತು. ಸಂಘದ ಕ್ಯಾಲೆಂಡರಿನಲ್ಲಿ ಮಹಾರಾಷ್ಟ್ರದ ರಜೆಗಳ ಜೊತೆಗೆ ಬಸವ ಜಯಂತಿ, ಕನಕ ಜಯಂತಿ, ಕಲಬುರಗಿ-ಬೀದರ್ ಕಡೆಯ ಎಳ್ಳಮಾಸಿ, ಕಾರಹುಣ್ಣಿಮೆ, ತುಳುವರ ಬಿಸು, ಆಟಿ ಅಮಾವಾಸ್ಯೆ ಎಲ್ಲವೂ ಬರಲಿ. ಯುಗಾದಿ ಮತ್ತು ಗುಡಿಪಾಡ್ವಾ ಒಂದೇ ದಿನ, ಆದರೆ ಬಿಸು ಸೌರಮಾನದ ಲೆಕ್ಕದಲ್ಲಿ ಏಪ್ರಿಲ್ ಮಧ್ಯದಲ್ಲಿ ಬರುತ್ತದೆ. ಇಂಥದ್ದನ್ನು ಒಂದೇ ಹಾಳೆಯಲ್ಲಿ ನೋಡಿದಾಗ ಈ ಊರಿನ ಎಲ್ಲ ಬಗೆಯ ಕನ್ನಡಿಗರಿಗೂ ‘ಇದು ನಮ್ಮದು’ ಅನಿಸುತ್ತದೆ. ಪ್ರತಿ ತಿಂಗಳ ಅಡಿಯಲ್ಲಿ ಒಬ್ಬೊಬ್ಬ ದಾನಿಯ ಜಾಹೀರಾತು ಹಾಕಿದರೆ ಹನ್ನೆರಡು ಮಂದಿಯಲ್ಲಿ ಖರ್ಚು ಹಂಚಿಹೋಗುತ್ತದೆ.

ಮಕ್ಕಳಿಗೆ ಅಕ್ಷರದ ಪಟ್ಟಿ: ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ ಕಲಿಯುತ್ತಾರೆ. ಅಂದರೆ ದೇವನಾಗರಿ ಬರುತ್ತದೆ. ಎರಡೂ ವರ್ಣಮಾಲೆಗಳ ಕ್ರಮ ಒಂದೇ, ಕ-ಖ-ಗ-ಘ ಎಂದು ಸಾಲಾಗಿ ಬರುತ್ತವೆ. ಹಿಂದಿಯಲ್ಲಿ ಬಳಕೆಯಿಲ್ಲದ ‘ಳ’ ಮರಾಠಿ ಓದುವ ಮಗುವಿಗೆ ಈಗಾಗಲೇ ಗೊತ್ತು. ಹೊಸದಾಗಿ ಹೇಳಿಕೊಡಬೇಕಾದದ್ದು ಹ್ರಸ್ವ ಎ, ಒ ಮತ್ತು ಒತ್ತಕ್ಷರಗಳನ್ನು. ದೇವನಾಗರಿ ಅಕ್ಷರದ ಪಕ್ಕದಲ್ಲೇ ಕನ್ನಡ ಅಕ್ಷರ, ಕೆಳಗೆ ಕನ್ನಡ ಅಂಕಿ ಇರುವ ಒಂದು ಪಟ್ಟಿ ಮಾಡಿ, ಹಿಂಬದಿಯಲ್ಲಿ ಶಾಲೆಯ ವೇಳಾಪಟ್ಟಿಯ ಖಾಲಿ ಚೌಕ ಬಿಟ್ಟರೆ ಅದು ವರ್ಷವಿಡೀ ಓದುವ ಮೇಜಿನ ಮೇಲೆ ನಿಲ್ಲುತ್ತದೆ. ರಜೆಯಲ್ಲಿ ಅಜ್ಜಿಯ ಊರಿಗೆ ಹೋದ ಮಗು ಬಸ್ಸಿನ ಬೋರ್ಡು ಓದಿದರೆ ಅದಕ್ಕಿಂತ ದೊಡ್ಡ ಪ್ರಚಾರ ಸಂಘಕ್ಕೆ ಬೇರೇನು ಬೇಕು?

ದುಡಿಯುವವರಿಗೆ ಮಾಹಿತಿ ಕಾರ್ಡು: ಕಿಸೆಯಲ್ಲಿ ಹಿಡಿಯುವ, ಕನ್ನಡದಲ್ಲಿ ಮುದ್ರಿಸಿದ ಒಂದು ಕಾರ್ಡು. ತುರ್ತು ಸಹಾಯಕ್ಕೆ 112, ಆ್ಯಂಬುಲೆನ್ಸಿಗೆ 108, ಮಕ್ಕಳ ಸಹಾಯಕ್ಕೆ 1098. ಊರಿನ ರೇಷನ್ ಕಾರ್ಡಿನ ಮೇಲೆ ಇಲ್ಲಿಯೂ ಧಾನ್ಯ ಪಡೆಯಬಹುದು, ಊರಲ್ಲಿರುವವರು ತಮ್ಮ ಪಾಲನ್ನು ಅಲ್ಲೇ ಪಡೆಯಬಹುದು ಎಂಬ ‘ಒಂದು ದೇಶ ಒಂದು ಪಡಿತರ ಚೀಟಿ’ಯ ವಿವರ. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು ಎಂಬ ಸೂಚನೆ. ಇದರ ಜೊತೆಗೆ ಪ್ರಧಾನಮಂತ್ರಿ ಸುರಕ್ಷಾ ವಿಮೆ. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಖಾತೆಯಿಂದ ಕಡಿತವಾಗುತ್ತದೆ, ಅಪಘಾತದಲ್ಲಿ ಸಾವು ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಎತ್ತರದ ಹಲಗೆಯ ಮೇಲೆ ನಿಂತು ದುಡಿಯುವವನಿಗೆ ಈ ಮಾತು ಅವನ ಭಾಷೆಯಲ್ಲಿ ಯಾರಾದರೂ ಹೇಳಬೇಕು. ಹಲವರ ಖಾತೆಯಿಂದ ಆ 20 ರೂಪಾಯಿ ಕಡಿತವಾಗುತ್ತಿದೆ, ಮನೆಯವರಿಗೆ ಮಾತ್ರ ಏತಕ್ಕೆಂದು ಗೊತ್ತಿರುವುದಿಲ್ಲ. ಕಾರ್ಡಿಗೆ ಎರಡು ರೂಪಾಯಿ ಹಿಡಿದರೂ 5,000 ಕಾರ್ಡಿಗೆ 10,000 ರೂಪಾಯಿ. ಮೇಲೆ ಹೇಳಿದ ಚೀಲದ ಖರ್ಚಿನ ಕಾಲು ಭಾಗ.

ಯುವಕರಿಗೆ: ಐ.ಟಿ.ಯ ಹುಡುಗರಿಗೆ ಬಾಟಲಿ, ಟೀಶರ್ಟು ಕಂಪನಿಯೇ ಕೊಡುತ್ತದೆ. ಅವರಿಗೆ ನಾವು ವಸ್ತು ಕೊಡುವ ಬದಲು ಕೆಲಸ ಕೊಡುವುದು ಒಳ್ಳೆಯದು. ಕ್ಯಾಲೆಂಡರಿನ ವಿನ್ಯಾಸ, ಸ್ಕ್ಯಾನ್ ಮಾಡಿದರೆ ಸಂಘದ ಮಾಹಿತಿ ತೆರೆಯುವ ಕ್ಯೂಆರ್ ಚಿತ್ರ, ಹಿರಿಯರಿಗೆ ಮೊಬೈಲ್ ಹೇಳಿಕೊಡುವುದು. ‘ನಿಮ್ಮಿಂದ ಇದು ಆಗಬೇಕು’ ಎಂದು ಕರೆದರೆ ಬರುತ್ತಾರೆ. ‘ಬಂದು ಕುಳಿತುಕೊಳ್ಳಿ’ ಎಂದರೆ ಬರುವುದಿಲ್ಲ.

ಮಾಡಿಸುವಾಗ ಎಚ್ಚರ

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಚೀಲ ಮಾಡಿಸುವ ಜವಾಬ್ದಾರಿ ನನ್ನ ಮೇಲಿತ್ತು. ಮುದ್ರಕರಿಗೆ ಕನ್ನಡ ಬಾರದು. ನಾವು ಕಳುಹಿಸಿದ ಕಡತ ಅವರ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳು ಬಿಡಿಬಿಡಿಯಾದವು. ಮೊಬೈಲಿಗೆ ಬಂದ ಮಾದರಿಯನ್ನು ನಾನು ಬಸ್ಸಿನಲ್ಲಿ ನಿಂತು ನೋಡಿ ‘ಓಕೆ’ ಎಂದುಬಿಟ್ಟೆ. ಚೀಲ ಬಂದಾಗ ‘ಕನ್‌ನಡ ರಾಜ್‌ಯೋತ್‌ಸವ’ ಎಂದಿತ್ತು! ಹಿರಿಯ ಸದಸ್ಯರೊಬ್ಬರು ‘ಪರವಾಗಿಲ್ಲ ಮಾರಾಯ್ರೆ, ತರಕಾರಿಗೆ ಒತ್ತಕ್ಷರ ಗೊತ್ತಾಗೋದಿಲ್ಲ’ ಎಂದು ಸಮಾಧಾನ ಹೇಳಿದರು. ಅಂದಿನಿಂದ ನಾನು ಕಲಿತದ್ದಿಷ್ಟು. ನುಡಿ, ಬರಹ, ಯುನಿಕೋಡ್ ಯಾವುದರಲ್ಲಿ ಬರೆದರೂ ಅಕ್ಷರಗಳನ್ನು ಚಿತ್ರರೂಪಕ್ಕೆ ತಿರುಗಿಸಿ ಪಿಡಿಎಫ್ ಮಾಡಿ ಕೊಡಬೇಕು. ಒಂದು ಚೀಲ ಮೊದಲು ಅಚ್ಚು ಹಾಕಿಸಿ ಕಣ್ಣಾರೆ ನೋಡಬೇಕು. ಕನ್ನಡ ಬಲ್ಲ ಇಬ್ಬರು ಓದಿ ಸಹಿ ಮಾಡಬೇಕು.

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು. 50 ಚೀಲ ಮಾಡಿಸಿದರೂ 500 ಮಾಡಿಸಿದರೂ ಸ್ಕ್ರೀನಿನ ಖರ್ಚು ಒಂದೇ. ಅದಕ್ಕಾಗಿಯೇ ‘ಹೆಚ್ಚು ಮಾಡಿಸಿ, ಒಂದಕ್ಕೆ ಕಡಿಮೆ ಬೀಳುತ್ತದೆ’ ಎಂದು ಅಂಗಡಿಯವರು ಹೇಳುತ್ತಾರೆ. ಲೆಕ್ಕ ಸರಿ. ಆದರೆ ಉಳಿದು ಕಪಾಟು ಸೇರಿದ ಚೀಲದ ಬೆಲೆಯನ್ನು ಹಂಚಿದ ಚೀಲದ ಮೇಲೆ ಹಾಕಿದರೆ ಆ ಉಳಿತಾಯ ಮಾಯವಾಗುತ್ತದೆ. ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಎಂದರೆ ಒಂದೇ ಸ್ಕ್ರೀನು, ಎರಡು ಬಣ್ಣದ ಶೋಭೆ.

ಚೀಲದ ಮೇಲೆ ಇಸವಿ, ಕಾರ್ಯಕ್ರಮದ ಹೆಸರು ಬೇಡ, ಮರುವರ್ಷ ಅದು ಹಳೆಯದಾಗುತ್ತದೆ. ಅಧ್ಯಕ್ಷರ ಸ್ವಂತ ಫೋನ್ ಸಂಖ್ಯೆಯೂ ಬೇಡ. ಅಧ್ಯಕ್ಷರು ಬದಲಾಗುತ್ತಾರೆ, ಚೀಲ ಉಳಿಯುತ್ತದೆ. ಸಂಘಕ್ಕೆಂದೇ ಒಂದು ಸಿಮ್ ಇಟ್ಟುಕೊಂಡು ಕಾರ್ಯದರ್ಶಿಯಿಂದ ಕಾರ್ಯದರ್ಶಿಗೆ ಹಸ್ತಾಂತರಿಸುವುದು ಉತ್ತಮ. ದಾನಿಗಳ ಹೆಸರು ಅವಶ್ಯ ಇರಲಿ, ಆದರೆ ಒಂದೇ ಅಳತೆಯಲ್ಲಿ. ದಾನಿಯ ಹೆಸರು ದೊಡ್ಡದಾಗಿ ಸಂಘದ ಹೆಸರು ಹುಡುಕಬೇಕಾದರೆ ಅದು ಅಂಗಡಿಯ ಚೀಲವಾಗುತ್ತದೆ.

ಕಾನೂನನ್ನೂ ಮರೆಯಬಾರದು. ಮಹಾರಾಷ್ಟ್ರದಲ್ಲಿ 2018ರ ಮಾರ್ಚ್ 23ರ ಆದೇಶದಿಂದ ಪ್ಲಾಸ್ಟಿಕ್ ನಿಷೇಧ ಬಂತು. ಮೊದಲ ತಪ್ಪಿಗೆ 5,000 ರೂಪಾಯಿ ದಂಡ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ವಸ್ತುಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮಾಕೋಲ್, ಆಮಂತ್ರಣ ಪತ್ರಿಕೆ, ಸಿಹಿತಿಂಡಿ ಪೆಟ್ಟಿಗೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್ ಎಲ್ಲವೂ ಇವೆ. ಅಂದರೆ ನಮ್ಮ ರಾಜ್ಯೋತ್ಸವದ ಹಳೆಯ ಸಾಮಗ್ರಿಯ ಅರ್ಧ ಪಟ್ಟಿ! ಮಕ್ಕಳ ಕೈಗೆ ಹಳದಿ-ಕೆಂಪು ಬಾವುಟ ಕೊಡುವುದಾದರೆ ಕಾಗದದ್ದೋ ಬಟ್ಟೆಯದೋ ಇರಲಿ.

140 ಚೀಲದ ಕಥೆ

ಇಷ್ಟೆಲ್ಲ ಹೇಳಿ, ಕಪಾಟಿನ 140 ಚೀಲ ಏನಾಯಿತೆಂದು ಹೇಳದಿದ್ದರೆ ಲೆಕ್ಕ ಮುಗಿಯುವುದಿಲ್ಲ. ಸಮಿತಿಯ ಮುಂದೆ ವಿಷಯ ಇಟ್ಟೆ. ‘ಕಾರ್ಯಕ್ರಮಕ್ಕೆ ಬರದವರಿಗೆ ಯಾಕೆ ಕೊಡಬೇಕು?’ ಎಂದು ಒಬ್ಬರು ಕೇಳಿದರು. ‘ಬರದವರಿಗೇ ಅಲ್ಲವೇ ಕೊಡಬೇಕಾದದ್ದು?’ ಎಂದು ಮಹಿಳಾ ವಿಭಾಗದ ಅಕ್ಕ ಒಬ್ಬರು ಹೇಳಿದರು. ಅಲ್ಲಿಗೆ ತೀರ್ಮಾನವಾಯಿತು. ಪ್ರತಿ ಚೀಲದಲ್ಲಿ ಒಂದು ಮಾಹಿತಿ ಕಾರ್ಡು, ಒಂದು ಅಕ್ಷರದ ಪಟ್ಟಿ ಇಟ್ಟು ಮೂರು ಭಾನುವಾರ ಐದಾರು ಮಂದಿ ಕೂಲಿಕಾರರು ನಿಲ್ಲುವ ನಾಕಾಕ್ಕೆ, ಕಟ್ಟಡದ ಪಕ್ಕದ ತಗಡಿನ ಮನೆಗಳಿಗೆ ಹೋದೆವು.

ಮೊದಲ ಭಾನುವಾರ ಚೆನ್ನಾಗಿ ಆಗಲಿಲ್ಲ. ‘ಯಾವ ಪಾರ್ಟಿಯವ್ರ್ರೀ ನೀವು?’ ಎಂದು ಕೇಳಿದರು. ಚುನಾವಣೆಗೆ ಮೊದಲು ಮಾತ್ರ ಚೀಲ ಹಂಚುವವರನ್ನು ನೋಡಿದ ಜನ, ತಪ್ಪೇನು? ಕೆಲವರು ಚೀಲ ತೆಗೆದುಕೊಂಡು ಕಾರ್ಡು ವಾಪಸು ಕೊಟ್ಟರು. ಕೆಲವರಿಗೆ ಓದಲು ಬಾರದು. ಎರಡನೆಯ ವಾರ ನಾವು ಮೊದಲು ಕುಳಿತು ಮಾತಾಡಿದೆವು, ಚೀಲ ಆಮೇಲೆ ಕೊಟ್ಟೆವು. ಕಾರ್ಡಿನಲ್ಲಿದ್ದುದನ್ನು ಓದಿ ಹೇಳಿದೆವು. ಆಗ ವ್ಯತ್ಯಾಸ ಕಂಡಿತು. ಸಂಘದ ಫೋನಿಗೆ ಕರೆಗಳು ಬರತೊಡಗಿದವು. ಹೆಚ್ಚಿನವು ರೇಷನ್ ಕಾರ್ಡಿನ ಬಗ್ಗೆ, ಕೆಲವು ವಿಮೆಯ ಬಗ್ಗೆ. ‘ಮಗಳಿಗೆ ಕನ್ನಡ ಬರೆಯಾಕ ಕಲಸ್ತೀರೇನ್ರೀ?’ ಎಂದು ಒಬ್ಬ ತಾಯಿ ಕೇಳಿದರು. ಆ ಒಂದು ಕರೆಯಿಂದಾಗಿ ಶನಿವಾರ ಬೆಳಗ್ಗೆ ನಡೆಯುತ್ತಿದ್ದ ಮಕ್ಕಳ ಕನ್ನಡ ತರಗತಿಯನ್ನು ಭಾನುವಾರ ಸಂಜೆಗೆ ಬದಲಾಯಿಸಿದೆವು. ಶನಿವಾರ ದುಡಿಯುವವರ ಮನೆಯಲ್ಲಿ ಮಕ್ಕಳನ್ನು ಕರೆತರುವವರು ಇರುವುದಿಲ್ಲ ಎಂಬುದು ನಮಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಈಗ ಆ ಕಡೆಯ ಐದಾರು ಮಕ್ಕಳು ಬರುತ್ತಾರೆ. ಒಂದು ಮನೆ ಕೆಲಸ ಮುಗಿಸಿ ಊರಿಗೆ ಹೋದರೆ ಸಂಖ್ಯೆ ಕಡಿಮೆಯಾಗುತ್ತದೆ, ಇನ್ನೊಂದು ಮನೆ ಬಂದರೆ ಹೆಚ್ಚುತ್ತದೆ.

ಕೌಂಟರಿಗೆ ಬಂದಿದ್ದ ಸುರಪುರದ ಆ ಮನುಷ್ಯ ಮತ್ತೆ ಸಿಕ್ಕಿದ್ದ. ಕಾರ್ಯಕ್ರಮಕ್ಕೆ ಅವನಿನ್ನೂ ಬಂದಿಲ್ಲ, ಅವನಿಗೆ ಭಾನುವಾರವೂ ಅರ್ಧ ದಿನ ಕೆಲಸ. ಆದರೆ ಈ ಸಲ ಅವನ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಸುರಕ್ಷಾ ವಿಮೆಯ ಅರ್ಜಿ ತುಂಬಿಸಿ, ಹೆಂಡತಿಯ ಹೆಸರು ನಾಮಿನಿ ಹಾಕಿಸಿ, ಸಂಘದ ಕಾರ್ಡನ್ನು ಪಾಸ್‌ಬುಕ್ಕಿನಲ್ಲಿಟ್ಟು ಕೊಟ್ಟೆ.

ಈ ವರ್ಷದ ಸಭೆಗಳಲ್ಲಿ ‘ಸದಸ್ಯರಿಗೆ ಏನು ಕೊಡೋಣ?’ ಎಂಬ ವಿಷಯ ಮತ್ತೆ ಬರುತ್ತದೆ. ಆಗ ಪುಣೆ, ಪಿಂಪ್ರಿ-ಚಿಂಚವಾಡದ ಎಲ್ಲ ಸಂಘ-ಸಂಸ್ಥೆಗಳ ಪದಾಧಿಕಾರಿಗಳು ದಯವಿಟ್ಟು ಇನ್ನೊಂದು ಪ್ರಶ್ನೆಯನ್ನೂ ಕಾರ್ಯಸೂಚಿಗೆ ಸೇರಿಸಬೇಕು: ಇದನ್ನು ಯಾರ ಮನೆಗೆ, ಯಾರು ತೆಗೆದುಕೊಂಡು ಹೋಗುತ್ತಾರೆ? ಉಡುಗೊರೆಯ ಖರ್ಚಿನಲ್ಲಿ ಕಾಲು ಭಾಗವನ್ನಾದರೂ ಇದುವರೆಗೆ ನಮ್ಮ ಸಭಾಗೃಹದ ಬಾಗಿಲು ನೋಡದ ಕನ್ನಡಿಗರಿಗಾಗಿ ಎತ್ತಿಡಲಿ. ಪ್ರತಿ ಸದಸ್ಯರೂ ವರ್ಷಕ್ಕೆ ಒಂದು ಹೊಸ ಮನೆಗೆ ಹೋಗಿ ಬರಲಿ ಎಂಬುದೇ ಈ ಲೇಖನದ ಆಶಯ.